ಆಡುವ ಮಕ್ಕಳ ಮಂಡಿ

(ಕಲಿಕಾ ಕೇಂದ್ರದಲ್ಲಿ ಪಿ.ಟಿ. ಮೇಷ್ಟ್ರು ಆಡಿದ ಮಾತು)

ನಾನು ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ಕಬಡ್ಡಿ, ಖೋ ಖೋ ಕಲಿಸೋದು ನನ್ನ ಕೆಲಸ. ಇವತ್ತು ಒಬ್ಬ ಹುಡುಗಿಯ ಕಥೆ ಹೇಳ್ತೀನಿ.

ಅವಳು ಕಬಡ್ಡಿಯಲ್ಲಿ ಬಲು ಚುರುಕು. ಒಂದು ಪಂದ್ಯದಲ್ಲಿ ರೈಡಿಗೆ ಹೋದಳು. ಎದುರಿನವಳನ್ನು ಮುಟ್ಟಿ, ಗೆರೆಯ ಕಡೆಗೆ ಗಕ್ಕನೆ ತಿರುಗಿದಳು. ಯಾರೂ ತಳ್ಳಲಿಲ್ಲ. ಯಾರೂ ಹಿಡಿಯಲಿಲ್ಲ. ಆದರೂ ಮಂಡಿಯೊಳಗೆ 'ಟಕ್' ಅಂತು. ಹುಡುಗಿ ಅಲ್ಲೇ ಕುಸಿದಳು. ಸಂಜೆಯೊಳಗೆ ಮಂಡಿ ಊದಿಕೊಂಡಿತು.

"ಉಳುಕಿದೆ, ಸರಿ ಹೋಗುತ್ತೆ" ಅಂದೆ ನಾನು. ಮನೆಯವರು ಎಣ್ಣೆ ಹಾಕಿ ನೀವಿದರು. ಉಳುಕು ತೆಗೆಸಿದರು. ಎಕ್ಸರೇ ಮಾಡಿಸಿದರು. ಮೂಳೆ ಮುರಿದಿರಲಿಲ್ಲ. ಮೂರು ವಾರದಲ್ಲಿ ಊತ ಇಳಿಯಿತು. ಅವಳು ಮತ್ತೆ ಆಡಿದಳು. ಮಂಡಿ ಮತ್ತೆ ಜಾರಿತು. ಆಮೇಲೆ ಹೊಲದ ಬದು ಇಳಿಯೋದೂ ಕಷ್ಟವಾಯಿತು.

"ಹೆಣ್ಣು ಹುಡುಗಿಗೆ ಆಟ ಯಾಕೆ ಬೇಕಿತ್ತು?" ಅಂದರು ಊರವರು. ನಾನು ಹೇಳ್ತೀನಿ, ತಪ್ಪು ಆಟದ್ದಲ್ಲ. ತಪ್ಪು ದೊಡ್ಡವರದು. ಅದರಲ್ಲಿ ನನ್ನ ಪಾಲೂ ಇದೆ.

ಮಂಡಿಯೊಳಗೆ ಏನಿದೆ?

ಎತ್ತಿನ ಗಾಡಿಯ ಮೂಕಿಗೆ ನೊಗವನ್ನು ಹಗ್ಗದಿಂದ ಕಟ್ಟುತ್ತೇವೆ. ಹಗ್ಗ ಕಿತ್ತರೆ ನೊಗ ನಿಲ್ಲುತ್ತದೆಯೇ? ಮಂಡಿಯೂ ಹಾಗೆಯೇ. ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ. ಇವೆರಡನ್ನೂ ಮುಖ್ಯವಾಗಿ ನಾಲ್ಕು ನಾರಿನ ಹಗ್ಗಗಳು ಕಟ್ಟಿ ಹಿಡಿದಿವೆ. ಇವನ್ನು ಲಿಗಮೆಂಟು ಎನ್ನುತ್ತಾರೆ. ಎರಡು ಹಗ್ಗ ಅಕ್ಕಪಕ್ಕದಲ್ಲಿವೆ. ಇನ್ನೆರಡು ಮಂಡಿಯ ಒಳಗೆ ಕತ್ತರಿಯಂತೆ ಅಡ್ಡಡ್ಡ ಇವೆ. ಒಳಗಿನ ಎರಡರಲ್ಲಿ ಮುಂದಿನ ಹಗ್ಗ ನಮ್ಮ ಕಿರುಬೆರಳಿಗಿಂತ ಚಿಕ್ಕದು. ಕಾಲು ಮುಂದಕ್ಕೆ ಜಾರದಂತೆ, ಮಂಡಿ ತಿರುಚದಂತೆ ಅದು ತಡೆಯುತ್ತದೆ. ಆ ಹುಡುಗಿಗೆ ಹರಿದದ್ದು ಅದೇ. ಎಕ್ಸರೇಯಲ್ಲಿ ಮೂಳೆ ಕಾಣುತ್ತದೆ, ಈ ಹಗ್ಗ ಕಾಣುವುದಿಲ್ಲ. ಅದಕ್ಕೇ ನಾವು ಮೋಸ ಹೋದೆವು.

ಈ ಪೆಟ್ಟು ಯಾಕೆ ಹೆಚ್ಚುತ್ತಿದೆ?

ಒಂದು, ಆಡುವವರು ಹೆಚ್ಚಾದರು. ಹುಡುಗಿಯರೂ ಮೈದಾನಕ್ಕೆ ಬಂದರು. ಇದು ಒಳ್ಳೆಯದೇ. ಈಗ ಎಂ.ಆರ್.ಐ. ಪರೀಕ್ಷೆ ಇರುವುದರಿಂದ, ಹಿಂದೆ ತಿಳಿಯದೆ ಹೋಗುತ್ತಿದ್ದ ಪೆಟ್ಟೂ ತಿಳಿಯುತ್ತಿದೆ.

ಎರಡು, ಬಿಡುವಿಲ್ಲ. ಹಿಂದೆ ಮಕ್ಕಳು ಮರ ಹತ್ತುತ್ತಿದ್ದರು, ಈಜುತ್ತಿದ್ದರು, ಹತ್ತಾರು ಆಟ ಆಡುತ್ತಿದ್ದರು. ಈಗ ಎಷ್ಟೋ ಮಕ್ಕಳು ಎಳೆಯ ವಯಸ್ಸಿಗೇ ಒಂದೇ ಆಟ ಹಿಡಿದು ವರ್ಷವಿಡೀ ಆಡುತ್ತಾರೆ. ದಣಿದ ಕಾಲು ತಪ್ಪು ಹೆಜ್ಜೆ ಇಡುತ್ತದೆ.

ಮೂರು, ಆಟದ ವೇಗ ಹೆಚ್ಚಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಟಿ.ವಿ.ಯಲ್ಲಿ ನೋಡಿದ ಜಿಗಿತವನ್ನು ನಮ್ಮ ಹುಡುಗರು ಮರುದಿನವೇ ಮಾಡಲು ಹೋಗುತ್ತಾರೆ. ಆ ಜಿಗಿತದ ಹಿಂದೆ ವರ್ಷಗಟ್ಟಲೆ ಸಾಧನೆ ಇದೆ. ಅದು ಟಿ.ವಿ.ಯಲ್ಲಿ ಕಾಣುವುದಿಲ್ಲ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ. ಮ್ಯಾಟಿನ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಭಾರವೆಲ್ಲ ಮಂಡಿಗೆ ಬೀಳುತ್ತದೆ.

ನಾಲ್ಕು, ತಯಾರಿ ಇಲ್ಲ. ಇದೇ ದೊಡ್ಡ ಕಾರಣ. ಒಳಗಿನ ಈ ಹಗ್ಗ ಹರಿಯುವುದು ಹೆಚ್ಚಾಗಿ ಇನ್ನೊಬ್ಬರ ಏಟಿನಿಂದಲ್ಲ. ಓಡುವಾಗ ಗಕ್ಕನೆ ನಿಂತಾಗ, ತಿರುಗಿದಾಗ, ಜಿಗಿದು ಇಳಿದಾಗ. ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅವರಲ್ಲಿ ಅನೇಕರಿಗೆ ಇಳಿಯುವಾಗ ಮಂಡಿ ಒಳಗೆ ಬಾಗುತ್ತದೆ. ತೊಡೆ, ಸೊಂಟ ಗಟ್ಟಿ ಮಾಡುವ ಕಸರತ್ತನ್ನು ನಾವು ಅವರಿಗೆ ಕಲಿಸಿಯೇ ಇಲ್ಲ!

ಹಾಗಾದರೆ ಏನು ಮಾಡೋಣ?

ಆಟಕ್ಕೆ ಮೊದಲು 20 ನಿಮಿಷ ಕೊಡಿ. ಮೆಲ್ಲಗೆ ಓಡಿ. ಅರ್ಧ ಬಸ್ಕಿ ಹೊಡೆಯಿರಿ. ಒಂಟಿ ಕಾಲಲ್ಲಿ ನಿಲ್ಲಿ. ಜಿಗಿದು, ಮಂಡಿ ಬಗ್ಗಿಸಿ, ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯಿರಿ. ಮಂಡಿ ಪಾದದ ನೇರಕ್ಕೆ ಇರಲಿ, ಒಳಗೆ ಬೀಳದಿರಲಿ. ನಿಲ್ಲುವಾಗ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಿಲ್ಲಿ. ಇಂಥ ಕಸರತ್ತನ್ನು ತಪ್ಪದೆ ಮಾಡಿದ ಹುಡುಗಿಯರಲ್ಲಿ ಈ ಪೆಟ್ಟು ಸುಮಾರು ಅರ್ಧದಷ್ಟು ಕಡಿಮೆಯಾಗಿದೆ. ಇದಕ್ಕೆ ದುಡ್ಡು ಬೇಡ. ಮನಸ್ಸು ಬೇಕು.

ಮಂಡಿ 'ಟಕ್' ಅಂದರೆ, ಬೇಗ ಊದಿದರೆ, ಆಟ ನಿಲ್ಲಿಸಿ. ಎಳೆಯಬೇಡಿ, ನೀವಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮೂಳೆ ಡಾಕ್ಟರಿಗೆ ತೋರಿಸಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಆದರೆ ಹಗ್ಗ ಪೂರ್ತಿ ಹರಿದವರು ಓಡಿ ತಿರುಗುವ ಆಟವನ್ನು ಮತ್ತೆ ಆಡಬೇಕಾದರೆ ಸಾಮಾನ್ಯವಾಗಿ ಬೇಕಾಗುತ್ತದೆ. ಆಮೇಲೆ ಕಡೇಪಕ್ಷ 9 ತಿಂಗಳು ಕಸರತ್ತು ಮಾಡಬೇಕು. ಅವಸರ ಮಾಡಿದರೆ ಮತ್ತೆ ಹರಿಯಬಹುದು. ಹರಿದ ಮಂಡಿಯಲ್ಲೇ ಆಡಿದರೆ ಒಳಗಿನ ಮೆತ್ತೆ ಸವೆಯುತ್ತದೆ. ವಯಸ್ಸಾಗುವ ಮೊದಲೇ ಮಂಡಿನೋವು ಬರುತ್ತದೆ.

ಪೆಟ್ಟಾದರೆ ಎಲ್ಲಾ ಮುಗಿಯಿತು ಅಂತ ತಿಳಿಯಬೇಡಿ. ಕುಸ್ತಿಯ ವಿನೇಶ್ ಫೋಗಟ್ ಅವರನ್ನು ನೋಡಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟು ಬಿದ್ದು, ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಚಿನ್ನ ಗೆದ್ದರು. 2023ರಲ್ಲಿ ಇನ್ನೊಂದು ಮಂಡಿಗೆ ಆಪರೇಷನ್ ಆಯಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಕುಸ್ತಿ ಆಡಿದರು.

ನಮ್ಮ ಹುಡುಗಿಗೂ ಕೊನೆಗೆ ಆಪರೇಷನ್ ಆಯಿತು. ಅವಳೀಗ ಸಂಜೆ ಮೈದಾನಕ್ಕೆ ಬರುತ್ತಾಳೆ. ಚಿಕ್ಕ ಹುಡುಗಿಯರಿಗೆ ಜಿಗಿದು ಇಳಿಯೋದನ್ನು ಕಲಿಸುತ್ತಾಳೆ. ನಾನೂ ಪಕ್ಕದಲ್ಲಿ ನಿಂತು ಕಲೀತಿದ್ದೀನಿ.

ಮಕ್ಕಳ ಆಟ ನಿಲ್ಲಿಸಬೇಡಿ. ಆಡುವ ಕಾಲನ್ನು ಗಟ್ಟಿ ಮಾಡಿ.

ಓದಿ, ಮಾತನಾಡಿ:
1. ಹುಡುಗಿಯ ಮಂಡಿ ಎರಡನೇ ಸಲ ಯಾಕೆ ಜಾರಿತು?
2. ನಿಮ್ಮೂರಿನ ಮಕ್ಕಳು ಆಟಕ್ಕೆ ಮೊದಲು ಕಸರತ್ತು ಮಾಡುತ್ತಾರೆಯೇ?
3. ಮಂಡಿ ಊದಿದಾಗ ಏನು ಮಾಡಬೇಕು? ಏನು ಮಾಡಬಾರದು?