ಕ್ಯಾಮೆರಾ ಹಿಡಿಯೋ ಕೈ ಮೊದಲು ಕೇಳಬೇಕು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ನಾವಿಬ್ಬರೂ ರಾಯಚೂರಿನ ಒಂದು ಸ್ಥಳೀಯ ಪತ್ರಿಕೆಗೆ ಹೊಸದಾಗಿ ಫೋಟೊ ತೆಗೆಯುವವರು. ನಿಮ್ಮಂಥ ಸಂಘದ ತಾಯಂದಿರ ಮಕ್ಕಳೇ. "ಹೆಣ್ಮಕ್ಳು ಪೇಪರಿಗೆ ಫೋಟೊ ತೆಗೀತಾರೇನು?" ಅಂತ ಬಹಳ ಮಂದಿ ಕೇಳ್ತಾರೆ. ತೆಗೀತಾರ್ರಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಹೋಮಾಯಿ ವ್ಯಾರವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಮೊದಮೊದಲು ಅವರು ತೆಗೆದ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ 'ಖಬರ್ ಲಹರಿಯಾ' ಪತ್ರಿಕೆಗೆ ಹಳ್ಳಿಯ ಹೆಣ್ಣುಮಕ್ಕಳೇ ವರದಿಗಾರರಾದರು.

ನಮ್ಮ ಕೆಲಸ ಹೀಗಿರತದ. ಒಂದು ದಿನ ಮಾನ್ವಿ ಕಡೆ ಭತ್ತದ ನಾಟಿ, ಇನ್ನೊಂದು ದಿನ ದೇವದುರ್ಗದಲ್ಲಿ ಗುಳೆ ಹೋಗುವವರ ಬಸ್ಸು, ಮತ್ತೊಂದು ದಿನ ರಾಯಚೂರು ನಗರದಲ್ಲಿ ನೀರಿನ ಸಾಲು. ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಮುಖದ ಮೇಲೆ ಕಪ್ಪು ನೆರಳು ಬೀಳತದ; ಅದಕ್ಕೇ ಬೆಳಗಿನ ಹೊತ್ತು, ಇಲ್ಲಾ ಸಂಜೆ ಹೋಗ್ತೀವಿ. ಫೋಟೊ ತೆಗೆದರೆ ಕೆಲಸ ಮುಗೀಲಿಲ್ಲ. ಯಾರು, ಯಾವ ಊರು, ಯಾವತ್ತು, ಏನು ನಡೀತು ಅಂತ ಅಲ್ಲೇ ಬರಕೋಬೇಕು. ಅಡಿಬರಹ ತಪ್ಪಿದರೆ ಒಳ್ಳೆ ಫೋಟೊನೂ ಸುಳ್ಳು ಹೇಳತದ.

ಒಮ್ಮೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಾಲ್ಯವಿವಾಹ ನಿಲ್ಲಿಸಿದ ಸುದ್ದಿ ಬಂತು. ನಾವು ಹೋದೆವು. "ಹುಡುಗಿ ಮುಖ ಇದ್ದರೆ ಸುದ್ದಿಗೆ ತೂಕ ಬರತದ" ಅಂತ ಫೋನಿನಲ್ಲಿ ಹೇಳಿದರು. ಹುಡುಗಿ ಅಡಿಗಿಮನಿ ಬಾಗಿಲ ಹಿಂದೆ ನಿಂತಿದ್ದಳು. ನಾಳೆ ಅವಳು ಅದೇ ಓಣಿಯಲ್ಲಿ ನಡೀಬೇಕು, ಅದೇ ಶಾಲೆಗೆ ಹೋಗಬೇಕು. ನಾವು ಅವಳ ಫೋಟೊ ತೆಗೆಯಲಿಲ್ಲ. ಬಿಚ್ಚುತ್ತಿದ್ದ ಹಂದರದ ಫೋಟೊ ಕಳಿಸಿದೆವು, ಅದರಲ್ಲಿ ಮನೆ ಗುರುತು ಸಿಗದ ಹಾಗೆ ನೋಡಿಕೊಂಡೆವು. ಆ ದಿನ ನಮಗೆ ಮಾತು ಬಂತು. ಆದರೆ ಕಾನೂನು ನಮ್ಮ ಬೆನ್ನಿಗಿತ್ತು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬಡವರ ಮುಖ ಪುಕ್ಕಟೆ ಅಲ್ಲ ಅಕ್ಕಾ. ನಮ್ಮ ಮಾತಿನ ಸಾರ ಇಷ್ಟೇ. ಯಾರಾದರೂ ನಿಮ್ಮ ಮುಂದೆ ಕ್ಯಾಮೆರಾ ಹಿಡಿದರೆ ಮೂರು ಮಾತು ಕೇಳ್ರಿ: ಯಾವ ಪೇಪರಿಗೆ? ಯಾತಕ್ಕೆ? ಕೆಳಗೆ ಏನಂತ ಬರೀತೀರಿ? ಉತ್ತರ ಸರಿ ಬರದಿದ್ದರೆ "ಬ್ಯಾಡ" ಅನ್ರಿ. ಹಾಗನ್ನೋದು ಸೊಕ್ಕಲ್ಲ. ಮಕ್ಕಳಿಗೆ ತೊಂದರೆ ಕಂಡರೆ ಫೋಟೊ ತೆಗೆದು ಹಂಚಬ್ಯಾಡ್ರಿ. 1098ಕ್ಕೆ ಫೋನ್ ಮಾಡ್ರಿ.

ನಿಮ್ಮ ಮಗಳು ಈ ಕೆಲಸಕ್ಕೆ ಬರ್ತೀನಿ ಅಂದರೆ ತಡೀಬ್ಯಾಡ್ರಿ. ಹೊಲದಾಗ, ಹೆರಿಗೆ ವಾರ್ಡಿನಾಗ, ಸಂಘದ ಸಭೆಯಾಗ ಹೆಂಗಸರು ಹೆಂಗಸರ ಮುಂದೆ ಮನಸ್ಸು ಬಿಚ್ಚಿ ಮಾತಾಡ್ತಾರೆ. ಆದರೆ ಲೆಕ್ಕ ಸರಿಯಾಗಿ ನೋಡ್ರಿ. ನಮಗೆ ಅಚ್ಚಾದ ಫೋಟೊಕ್ಕಷ್ಟೇ ದುಡ್ಡು, ತಿಂಗಳ ಸಂಬಳ ಇಲ್ಲ. ಒಂದು ಫೋಟೊಕ್ಕೆ ಎಷ್ಟು, ಬಸ್ ಚಾರ್ಜ್ ಯಾರದು ಅಂತ ಮೊದಲೇ ಕೇಳಿಕೊಳ್ಳಲಿ. ಸಂಘದ ಸಾಲ ತೆಗೆದು ದೊಡ್ಡ ಕ್ಯಾಮೆರಾ ಕೊಳ್ಳುವ ಅವಸರ ಬ್ಯಾಡ. ಮೊದಲು ಕೈಯಲ್ಲಿರೋ ಮೊಬೈಲಿನಿಂದಲೇ ಕಲಿಯಲಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೊ ಮಸುಕಾಗೋದಿಲ್ಲ. ಮದುವೆ, ಸೀಮಂತದ ಫೋಟೊದಿಂದ ನಾಲ್ಕು ಕಾಸು ಕೂಡಿದ ಮೇಲೆ ಕ್ಯಾಮೆರಾ ಮಾತು.

ಮುಂದಿನ ವಾರದ ಸಭೆಯಲ್ಲಿ ಸಾಲ-ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದನ್ನೂ ಚರ್ಚೆ ಮಾಡ್ರಿ. ನಿಮ್ಮ ಸಂಘದ ಫೋಟೊ ಪೇಪರಿಗೆ ಹೋಗುವಾಗ ಅತಿಥಿಗಳ ಹೆಸರಿನ ಜೊತೆ ನಿಮ್ಮ ಹೆಸರೂ ಇರಲಿ ಅಂತ ಬರೆಸ್ರಿ.