ಸಹನೆ ಎಂದರೆ ಮೌನವಲ್ಲ

(ವಂಡ್ಸೆಯಲ್ಲಿ ಜರುಗಿದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಸಾಹಿತ್ಯದ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘಟಕರು ಅಪೇಕ್ಷಿಸಿದ್ದಾರೆ. ಕೋಟದ ಶಿವರಾಮ ಕಾರಂತರು, ಮೊಗೇರಿಯ ಗೋಪಾಲಕೃಷ್ಣ ಅಡಿಗರು, ಕುಂದಾಪುರದ ವೈದೇಹಿಯವರು ಹುಟ್ಟಿದ ಸೀಮೆಯಲ್ಲಿ ನಿಂತು ಸಾಹಿತ್ಯದ ಕುರಿತು ಮಾತನಾಡಲು ನಮಗೆ ಸಂಕೋಚವಿದೆ. ಆದ್ದರಿಂದ ಪ್ರಶಸ್ತಿ ಪಡೆಯುವ ಸಾಹಿತ್ಯವನ್ನು ಬದಿಗಿಟ್ಟು, ಸಾವು ಸಂಭವಿಸಿದ ಮನೆಯೊಳಗೆ ಹುಟ್ಟಬೇಕಾದ ಬರಹದ ಕುರಿತು ಮಾತನಾಡಲು ಬಯಸುತ್ತೇವೆ.

ಒಂದು ಘಟನೆಯಿಂದ ಆರಂಭಿಸೋಣ. 1980ರ ದಶಕದ ಮಾತು. ನಮ್ಮ ಕರಾವಳಿಯ ಗಂಡಸರು ದುಡಿಮೆಗಾಗಿ ಗಲ್ಫ್ ರಾಷ್ಟ್ರಗಳಿಗೆ ಹೋಗುತ್ತಿದ್ದ ಕಾಲ. ಫೋನು ಅಪರೂಪ, ಪತ್ರ ತಲುಪಲು ವಾರಗಳೇ ಬೇಕು. ತಾಯಂದಿರಿಗೆ ಓದು ಬಾರದ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಪತ್ರ ಓದಿ ಹೇಳುತ್ತಿದ್ದರು, ಉತ್ತರವನ್ನೂ ಅವರೇ ಬರೆಯುತ್ತಿದ್ದರು. ನಮಗೆ ಪರಿಚಿತವಾದ ಅಂತಹ ಒಂದು ಮನೆಯ ಯಜಮಾನರು ಅಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಟೆಲಿಗ್ರಾಂ ಬಂತು. ದಫನ ಅಲ್ಲಿಯೇ ನಡೆಯಿತು. ಪತ್ನಿ ಮಕ್ಕಳಿಗೆ ಮುಖ ನೋಡುವ ಭಾಗ್ಯವೂ ಸಿಗಲಿಲ್ಲ. ಕೆಲವು ದಿನಗಳ ಬಳಿಕ ಅಂಚೆಯವರು ಒಂದು ಪತ್ರ ತಂದುಕೊಟ್ಟರು. ಮರಣಕ್ಕೆ ಮುಂಚೆ ಅವರೇ ಬರೆದು ಅಂಚೆಗೆ ಹಾಕಿದ್ದ ಪತ್ರವದು. ಆರನೆಯ ತರಗತಿಯಲ್ಲಿದ್ದ ಮಗಳು ಅದನ್ನು ಓದಿದಳು. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಬದಲಿಸಲು ಹಣ ಕಳುಹಿಸುವುದಾಗಿ ಬರೆದಿದ್ದರು. ಎಲ್ಲರೂ ಸೌಖ್ಯವೇ ಎಂದು ಕೇಳಿದ್ದರು.

ಓದಿ ಮುಗಿದ ಬಳಿಕ ತಾಯಿ, "ಉತ್ತರ ಬರೆ" ಎಂದರು. ಯಾರಿಗೆ ಎಂದು ಕೇಳಲು ಮಗಳಿಗೆ ಧೈರ್ಯವಾಗಲಿಲ್ಲ. ತಾಯಿ ಹೇಳಿದ್ದನ್ನು ಆಕೆ ಬರೆದಳು. ಹಂಚಿನ ಚಿಂತೆ ಬೇಡ. ಯಾರಿಗಾದರೂ ನೀವು ಹಣ ಕೊಡಲಿಕ್ಕಿದ್ದರೆ ವಿಚಾರಿಸಿ ನಾನು ತೀರಿಸುತ್ತೇನೆ. ಹೋಗುವ ದಿನ ನಾನು ಸಿಟ್ಟಿನಲ್ಲಿ ಮಾತನಾಡಿದ್ದೆ, ಅಲ್ಲಾಹನು ನಮ್ಮಿಬ್ಬರನ್ನೂ ಕ್ಷಮಿಸಲಿ. ಇಷ್ಟೇ. ಆ ಕಾಗದ ಅಂಚೆಗೆ ಹೋಗಲಿಲ್ಲ, ಟ್ರಂಕಿನ ತಳ ಸೇರಿತು. ಇಂದು ಆ ತಾಯಿಯೂ ಇಲ್ಲ. ನಡುವಯಸ್ಸು ದಾಟಿದ ಆ ಮಗಳು ನಮ್ಮೊಡನೆ ಹೇಳಿದರು: "ನಮ್ಮ ತಾಯಿ ಅತ್ತದ್ದನ್ನು ನಾನು ಕಂಡಿಲ್ಲ. ಬಂದವರೆಲ್ಲ ಸಬ್ರ್ ಮಾಡಿ ಎನ್ನುತ್ತಿದ್ದರು. ಅವರು ಸಬ್ರ್ ಮಾಡಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ಯಾರೂ ಇರಲಿಲ್ಲ."

ಈ ಕೊನೆಯ ಮಾತು ನಮ್ಮೆಲ್ಲರ ಮೇಲಿನ ಆರೋಪವಾಗಿದೆ. ಸಾವಿನ ಮನೆಗೆ ನಾವು ಧಾವಿಸುತ್ತೇವೆ, ಜನಾಝಕ್ಕೆ ಹೆಗಲು ಕೊಡುತ್ತೇವೆ, ಊಟ ಕಳುಹಿಸುತ್ತೇವೆ. ಇವೆಲ್ಲವೂ ಸತ್ಕರ್ಮಗಳೇ. ವಿಧವೆಯ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನಗಳನ್ನು ತಪ್ಪದೆ ಲೆಕ್ಕ ಹಾಕುತ್ತೇವೆ. ಆದರೆ ಆ ದಿನಗಳಲ್ಲಿ ಆಕೆಯ ಮನಸ್ಸು ಹೇಗಿದೆಯೆಂದು ವಿಚಾರಿಸುತ್ತೇವೆಯೇ? ಸಬ್ರ್ ಎಂಬ ಪವಿತ್ರ ಪದವನ್ನು ನಾವು ಎಷ್ಟೋ ಬಾರಿ, ಅಳುವವರ ಬಾಯಿ ಮುಚ್ಚಿಸಲು ಬಳಸುತ್ತಿದ್ದೇವೆ.

ಇಸ್ಲಾಮ್ ಕಲಿಸಿದ ಸಬ್ರ್ ಇದಲ್ಲ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಅವರ ಕಣ್ಣುಗಳು ತುಂಬಿ ಬಂದುವು. ತಾವೂ ಅಳುವುದೇ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟಾಗ, ಅದು ಕರುಣೆಯೆಂದು ಪ್ರವಾದಿ(ಸ) ತಿಳಿಸಿದರು. ಕಣ್ಣು ಅಳುವುದನ್ನೂ ಹೃದಯ ನೋಯುವುದನ್ನೂ ಅವರು ಮರೆಮಾಚಲಿಲ್ಲ. ಪ್ರಭುವಿಗೆ ಮೆಚ್ಚುಗೆಯಾಗದ ಮಾತನ್ನು ಆಡಲಾರೆವು ಎಂದಷ್ಟೇ ಎಲ್ಲೆಯನ್ನು ಹಾಕಿದರು. ಮಗನನ್ನು ಕಳೆದುಕೊಂಡ ಪ್ರವಾದಿ ಯಅ್‌ಕೂಬರ(ಅ) ಕಣ್ಣುಗಳು ದುಃಖದಿಂದ ಬೆಳ್ಳಗಾದ ವೃತ್ತಾಂತವನ್ನು ಕುರ್‌ಆನ್ ವಿವರಿಸಿದೆ. ಅವರು ತನ್ನ ನೋವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಅವರ ಸಹನೆಯನ್ನು ಕುರ್‌ಆನ್ ಸುಂದರವಾದುದೆಂದೇ ಹೇಳಿತು. ಎದೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು, ವಿಧಿಯನ್ನು ಹಳಿಯುವುದು ನಿಷಿದ್ಧ. ನೋವನ್ನು ಮಾತಾಗಿಸುವುದು ನಿಷಿದ್ಧವಲ್ಲ.

ಅರಬ್ಬೀ ಸಾಹಿತ್ಯದಲ್ಲಿ ಶೋಕಗೀತೆಗೆ ಅತಿ ದೊಡ್ಡ ಹೆಸರು ಒಬ್ಬ ಮಹಿಳೆಯದು. ಸಹೋದರ ಸಖ್ರ್‌ನ ಸಾವಿನ ಕುರಿತು ಹಾಡಿದ ಹ. ಖನ್ಸಾ(ರ) ಇಸ್ಲಾಮ್ ಸ್ವೀಕರಿಸಿದ ಬಳಿಕ, ಅವರ ಕವಿತೆಯನ್ನು ಪ್ರವಾದಿ(ಸ) ಮೆಚ್ಚಿ ಆಲಿಸಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಪ್ರವಾದಿವರ್ಯರ(ಸ) ವಿಯೋಗವಾದಾಗ ಹ. ಹಸ್ಸಾನ್ ಬಿನ್ ಸಾಬಿತ್(ರ) ರಚಿಸಿದ ಶೋಕಗೀತೆಗಳೂ ಉಳಿದುಬಂದಿವೆ. ಉರ್ದುವಿನಲ್ಲಿ 1869ರಲ್ಲಿ ಗಾಲಿಬ್ ತೀರಿಕೊಂಡಾಗ ಅವರ ಶಿಷ್ಯ ಹಾಲಿ ಬರೆದರು, 1914ರಲ್ಲಿ ತಾಯಿಯನ್ನು ಕಳೆದುಕೊಂಡ ಇಕ್ಬಾಲ್ ಬರೆದರು. ದುಃಖಕ್ಕೆ ಅಕ್ಷರ ಕೊಡುವುದು ನಮ್ಮ ಪರಂಪರೆಗೆ ಹೊಸತಲ್ಲ. ನಾವೇ ಅದನ್ನು ಮರೆತಿದ್ದೇವೆ.

ಬರೆಯುವುದರಿಂದ ಮನಸ್ಸಿಗೆ ಪ್ರಯೋಜನವಿದೆಯೇ ಎಂದು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷಗಳಂತೆ ನಾಲ್ಕು ದಿನ ತಮ್ಮ ಬದುಕಿನ ಆಘಾತಗಳ ಕುರಿತು ಬರೆದರು. ಘಟನೆಯನ್ನೂ ಅದರ ನೋವನ್ನೂ ಬರೆದವರು ನಂತರದ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಆದರೆ ಉತ್ಪ್ರೇಕ್ಷೆ ಬೇಡ. ಆಪ್ತರನ್ನು ಹೊಸದಾಗಿ ಕಳೆದುಕೊಂಡವರಲ್ಲಿ ಅಂತಹ ಪ್ರಯೋಜನ ಕಂಡುಬರಲಿಲ್ಲವೆಂದು ನಂತರದ ಕೆಲವು ಅಧ್ಯಯನಗಳು ತಿಳಿಸಿವೆ. ಆದ್ದರಿಂದ ಮೂರನೆಯ ದಿನವೇ ಪೆನ್ನು ಹಿಡಿಸಬೇಕಾಗಿಲ್ಲ. ಬರಹವು ಔಷಧಕ್ಕೆ ಬದಲಿಯೂ ಅಲ್ಲ. ತಿಂಗಳುಗಳು ಕಳೆದರೂ ನಿದ್ದೆ ಇಲ್ಲದವರನ್ನು, ಬದುಕೇ ಬೇಡವೆನ್ನುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಖಿನ್ನತೆಯನ್ನು ಈಮಾನಿನ ಕೊರತೆಯೆಂದು ಹೀಯಾಳಿಸುವುದು ಅಜ್ಞಾನ.

ಇಷ್ಟಾದರೂ ಬರಹ ಏಕೆ ಬೇಕು? ನೋವಿಗೆ ಒಂದು ಜಾಗ ಬೇಕು, ತೀರಿಕೊಂಡವರಿಗೆ ಒಂದು ಹೆಸರು ಬೇಕು, ಅದಕ್ಕಾಗಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಉರುಳಿ 158 ಮಂದಿ ಮರಣ ಹೊಂದಿದರು. ಪಾರಾದವರು ಎಂಟು ಮಂದಿ. ಕೆಲವು ಮೃತದೇಹಗಳ ಗುರುತೇ ಸಿಗಲಿಲ್ಲ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಎಷ್ಟೋ ಮಕ್ಕಳು ತಂದೆಯ ಜನಾಝವನ್ನು ದೂರದಿಂದಲೇ ನೋಡಬೇಕಾಯಿತು. ಸಂಖ್ಯೆ ಸರಕಾರದ ಕಡತದಲ್ಲಿದೆ. ಆ ತಂದೆ ಹೇಗೆ ನಗುತ್ತಿದ್ದರು, ರಮಝಾನಿನ ಅತ್ತಾಳಕ್ಕೆ ಮಕ್ಕಳನ್ನು ಹೇಗೆ ಎಬ್ಬಿಸುತ್ತಿದ್ದರು ಎಂಬುದು ಯಾವ ಕಡತದಲ್ಲಿದೆ?

ನಾವು ಬರೆಯದಿದ್ದರೆ ನಮ್ಮ ಸಾವನ್ನು ಇತರರು ಬರೆಯುತ್ತಾರೆ. 2022ರ ಜುಲೈನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಮೇಲೆ ಮಾರಣಾಂತಿಕ ದಾಳಿಗಳಾದುವು. ಮೂವರೂ ಉಳಿಯಲಿಲ್ಲ. ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ. ಟಿ.ವಿ. ಚರ್ಚೆಗಳಲ್ಲಿ ಅವರು ಮನುಷ್ಯರಾಗಿ ಉಳಿಯದೆ ಎರಡು ಪಾಳಯಗಳ ಲೆಕ್ಕವಾದರು. ಮೂವರು ತಾಯಂದಿರ ಕಣ್ಣೀರಿನ ಬಣ್ಣ ಒಂದೇ ಎಂದು ಹೇಳಲು ರಾಜಕೀಯಕ್ಕೆ ಪುರುಸೊತ್ತಿರಲಿಲ್ಲ. ಒಬ್ಬ ತಾಯಿ ತನ್ನ ಮಗನ ಕುರಿತು ಒಂದು ಪುಟ ಬರೆದರೆ, ನೆರೆಯ ಧರ್ಮದ ಇನ್ನೊಬ್ಬ ತಾಯಿ ಅದನ್ನು ಓದಿದರೆ, ದ್ವೇಷದ ವ್ಯಾಪಾರಕ್ಕೆ ಅಷ್ಟರ ಮಟ್ಟಿಗೆ ನಷ್ಟವಾಗುತ್ತದೆ.

ನಮ್ಮವರ ಬರಹವನ್ನು ನಾವು ಹೇಗೆ ಸ್ವಾಗತಿಸಿದ್ದೇವೆ ಎಂಬ ಆತ್ಮವಿಮರ್ಶೆಯೂ ಅಗತ್ಯ. 2023ರ ಜನವರಿಯಲ್ಲಿ ಅಗಲಿದ ಸಾರಾ ಅಬೂಬಕರ್ ನಮ್ಮ ಮನೆಯೊಳಗಿನ ನೋವನ್ನು ಕನ್ನಡಕ್ಕೆ ತಂದಾಗ ಬೈದವರು ನಾವೇ. ಹಾಸನದ ಬಾನು ಮುಷ್ತಾಕ್ 2000ದ ಸುಮಾರಿಗೆ ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಿದರು. 2025ರಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವು ಅಭಿಮಾನಪಟ್ಟೆವು. ಹೆರಿಗೆಯ ನಂತರದ ಖಿನ್ನತೆಯನ್ನು ಅನುಭವಿಸಿದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಇವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಬರೆದವರ ಮಾತಿಗೆ ಉತ್ತರ ಕೊಡುವುದು ಬೇರೆ, ಬರೆಯಬಾರದೆನ್ನುವುದು ಬೇರೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಒಂದು ನೋಟು ಪುಸ್ತಕವಿರಲಿ. ಅಗಲಿದವರನ್ನು ಹೊಗಳುವ ಪದ್ಯ ಬೇಡ, ನೆನಪಿರುವ ಒಂದು ದಿನವನ್ನು ಇದ್ದಂತೆಯೇ ಬರೆಯಿರಿ. ಮೃತರನ್ನು ಕರೆದು ಬೇಡುವುದು ನಮ್ಮ ವಿಶ್ವಾಸಕ್ಕೆ ಒಪ್ಪದು. ಅವರ ಕುರಿತು ಅಲ್ಲಾಹನೊಡನೆ ಹೇಳಿಕೊಳ್ಳುವುದು ದುಆ ಆಗಿದೆ, ಅದನ್ನು ಬರೆಯಿರಿ. ಬ್ಯಾರಿಯೋ ನವಾಯತಿಯೋ ಉರ್ದುವೋ ಕುಂದಾಪುರ ಕನ್ನಡವೋ, ಅಳು ಬರುವ ಭಾಷೆಯಲ್ಲಿ ಬರೆಯಿರಿ. ಅಕ್ಷರ ಬಾರದ ಅಜ್ಜಿಯ ಬಳಿ ಮೊಮ್ಮಕ್ಕಳು ಕೂರಲಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಮಸೀದಿಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಓದುವ ಕೂಟವಿರಲಿ. ಅದರಲ್ಲಿ ಸ್ತ್ರೀಯರಿಗೂ ಸ್ಥಾನವಿರಲಿ. ಒಪ್ಪಿಗೆಯಿಲ್ಲದೆ ಯಾರ ಬರಹವನ್ನೂ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಡಬಾರದು. ಅದು ಅಮಾನತ್, ನಂಬಿ ಒಪ್ಪಿಸಿದ ಸೊತ್ತು.

ಸಹೋದರ ಸಹೋದರಿಯರೇ, ಮೊದಲ ದಿವ್ಯವಾಣಿಯಲ್ಲಿಯೇ ಲೇಖನಿಯ ಉಲ್ಲೇಖವಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾಗಿದೆ. ವಸಿಯ್ಯತ್ ಮಾಡಬೇಕಾದುದಿದ್ದವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹಣದ ಸಾಲವನ್ನೇ ಬರೆದಿಡಬೇಕೆಂದು ಕಲಿತ ಸಮುದಾಯ, ಅಗಲಿದವರ ಪ್ರೀತಿಯ ಋಣವನ್ನು ಬರೆಯದೆ ಬಿಡುವುದು ಹೇಗೆ?

ಆ ತಾಯಿಗೆ ಓದು ಬರುತ್ತಿರಲಿಲ್ಲ. ಆದರೂ ಈ ಎರಡು ಋಣಗಳನ್ನೂ ಒಂದೇ ಕಾಗದದಲ್ಲಿ ಬರೆಯಿಸಿದರು. ಇಂದು ನಮ್ಮ ಮನೆಗಳಲ್ಲಿ ಓದು ಬಾರದ ಮಕ್ಕಳಿಲ್ಲ. ಇಲ್ಲಿಂದ ಮನೆಗೆ ಮರಳಿದ ಬಳಿಕ, ಒಳಕೋಣೆಯಲ್ಲಿ ಮೌನವಾಗಿ ಕುಳಿತವರು ಯಾರಾದರೂ ಇದ್ದರೆ ಅವರ ಬಳಿ ಕುಳಿತುಕೊಳ್ಳಿ. ಸಬ್ರ್ ಮಾಡಿ ಎನ್ನುವ ಮುಂಚೆ, "ನೀವು ಹೇಳಿ, ನಾನು ಬರೆಯುತ್ತೇನೆ" ಎನ್ನಿ.

ನಮ್ಮಿಂದ ಅಗಲಿದವರನ್ನು ಅಲ್ಲಾಹನು ಕ್ಷಮಿಸಲಿ, ಉಳಿದವರ ಹೃದಯಗಳಿಗೆ ನೆಮ್ಮದಿ ನೀಡಲಿ. ಆಮೀನ್.