ಅಣಬೆಯ ಕೋಣೆಗೊಂದು ಇದ್ದಿಲ ಶೋಧಕ



ಮಿಶ್ರಿಕೋಟಿಯನ್ನೊಳಗೊಂಡ ಕಲಘಟಗಿ ಸೀಮೆಯಲ್ಲಿ ಭತ್ತದ ಹುಲ್ಲಿದೆ. ಆ ಹುಲ್ಲಿನಲ್ಲಿ ಚಿಪ್ಪು ಅಣಬೆಯನ್ನು ಮನೆಯ ಕೋಣೆಯಲ್ಲೇ ಬೆಳೆಯಬಹುದು. ಆದರೆ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ತೊಯ್ದ ಹುಲ್ಲಿನ ವಾಸನೆ ನೆರೆಯವರನ್ನು ಬಾಧಿಸುತ್ತದೆ.

ಇದಕ್ಕೆ ಅಗ್ಗದ ಉಪಾಯವುಂಟು. ತಂತಿ ಜಾಳಿಗೆಯ ಎರಡು ಕೊಳವೆಗಳನ್ನು ಒಂದರೊಳಗೊಂದು ನಿಲ್ಲಿಸಿ, ನಡುವಣ 2 ಅಂಗುಲ ತೆರಪಿನಲ್ಲಿ ತೆಂಗಿನ ಕರಟದ ಇದ್ದಿಲನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ತೊಳೆದು, ಒಣಗಿಸಿ ತುಂಬಿರಿ. ಹೊರಮೈಗೆ ತೆಳು ಬಟ್ಟೆ ಸುತ್ತಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದನ್ನು ಗಾಳಿಯನ್ನು ಹೊರಗೆ ತಳ್ಳುವ ಫ್ಯಾನಿಗೆ ಜೋಡಿಸಿರಿ. ಇದ್ದಿಲಿನ ಸೂಕ್ಷ್ಮ ರಂಧ್ರಗಳು ವಾಸನೆಯನ್ನು ಹಿಡಿದಿಡುತ್ತವೆ. ಪೇಟೆಯ ಸಕ್ರಿಯ ಇಂಗಾಲದಷ್ಟು ಶಕ್ತಿ ಇದಕ್ಕಿಲ್ಲ. ವಾಸನೆ ಮರುಕಳಿಸಿದೊಡನೆ ಬದಲಿಸಬೇಕು.

ಆದರೆ ಇದ್ದಿಲನ್ನೇ ನಂಬಿ ಕೂಡಬೇಡಿರಿ. ಅಣಬೆ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಅದು ನೀಗಿಸದು. ಬೀಜಕಣಗಳಿಂದ ಕೊಯ್ಯುವವರ ಎದೆಯನ್ನೂ ಕಾಯದು. ಆ ಕಣಗಳು ಕೆಲವರಿಗೆ ಕೆಮ್ಮು, ಜ್ವರ, ಉಬ್ಬಸ ತರುತ್ತವೆ. ಆದುದರಿಂದ ಅಣಬೆಯ ಅಂಚು ಮೇಲೇಳುವ ಮುನ್ನವೇ ಕೊಯ್ಯಿರಿ, ಮುಖಗವಸು ಧರಿಸಿರಿ, ಹೊಸ ಗಾಳಿಗೆ ದಾರಿಯಿಡಿರಿ. ಕೊಳೆತ ನಾತ ಬಂದರೆ ಅದನ್ನು ಅಡಗಿಸದೆ, ಕೆಟ್ಟ ಚೀಲವನ್ನು ಹೊರಗೆ ಹಾಕಿರಿ.

ಅಡುಗೆಮನೆ ಎಸೆಯುವ ಕರಟವೇ ಇದಕ್ಕೆ ಸಾಕು. ಇದ್ದಿಲಿಗಾಗಿ ಕಾಡಿನ ಮರಕ್ಕೆ ಕೊಡಲಿ ಹಾಕದಿರೋಣ.